ಮಾಸ್ತರ ‘ಬಿಡು’

ಹೋದ ವಾರ ಘಣಸೋಲಿಯಿಂದ ಮಾಸ್ತರ ಮಗಳು ಒಂದು ಪೆಟ್ಟಿಗೆ ತಂದುಕೊಟ್ಟಳು. ಮುಚ್ಚಳ ತೆಗೆದರೆ ಒಳಗೆ ಅವರ ಹಳೆಯ ಸಿಂಥಸೈಜರ್, ಘಮ್ಮೆಂದು ನೋವಿನ ಎಣ್ಣೆಯ ವಾಸನೆ. ಯಂತ್ರಕ್ಕೂ ಮೈಕೈ ನೋವೇ ಎಂದು ನಗಲು ಹೋದೆ, ಆಗಲಿಲ್ಲ. ಅದು ಮಾಸ್ತರ ಬಲಗೈಯ ವಾಸನೆ…

ಡೊಂಬಿವಲಿಯಲ್ಲಿ ಅವರು ನಮ್ಮ ಮೇಲಿನ ಮಹಡಿಯಲ್ಲಿದ್ದರು. ಧಾರವಾಡದ ಕಡೆಯವರು. ಹಗಲು ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ, ಗಣಪತಿ ಹಬ್ಬ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು. ಬಲಗೈಗೆ ಲಕ್ವ ಹೊಡೆದ ಮೇಲೆ ಆರ್ಕೆಸ್ಟ್ರಾದವರು ಸದ್ದಿಲ್ಲದೆ ಬೇರೆಯವರನ್ನು ಹುಡುಕಿಕೊಂಡರು. ಮಾಸ್ತರು ಎಲ್ಲಿಂದಲೋ ಸೆಕೆಂಡ್‌ಹ್ಯಾಂಡ್ ಸಿಂಥಸೈಜರ್ ಒಂದನ್ನು ಹೊತ್ತು ತಂದರು.

ಅದರಲ್ಲಿ ಹದಿನಾರು ಬಟನ್‌ಗಳ ಒಂದು ಸಾಲು. ಒಂದೊಂದು ಬಟನ್ ಒಂದೊಂದು ಸ್ಟೆಪ್. ಸ್ವರ ಬೇಕಾದ ಕಡೆ ಒತ್ತಿಟ್ಟರೆ ದೀಪ ಹತ್ತುತ್ತದೆ. ಶುರು ಮಾಡಿದರೆ ಕೆಂಪು ಬೆಳಕೊಂದು ಎಡದಿಂದ ಬಲಕ್ಕೆ ಓಡಿ, ಕೊನೆ ಮುಟ್ಟಿ, ಮತ್ತೆ ಮೊದಲಿಗೆ ಬರುತ್ತದೆ. ಕೂಡಿಸಿಟ್ಟ ಸ್ವರಗಳು ತಾವಾಗಿ ನುಡಿಯುತ್ತವೆ. ಐದು ಬೆರಳು ಬೇಡ, ಒಂದು ಸಾಕು. ಮಾಸ್ತರು ಸ್ಟೆಪ್ ಹಾಕಲು ಕಲಿಸುತ್ತಾರೆ ಎಂದಾಗ ಅಮ್ಮ ಹೌಹಾರಿದಳು. “ಎಂತ, ಆ ಕೈಕಾಲು ಇಟ್ಕೊಂಡು ಡ್ಯಾನ್ಸ್ ಕಲಿಸುವುದಾ?”

ನಾನಾಗ ಕಾಲೇಜಿನಲ್ಲಿದ್ದೆ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ನನ್ನ ಹಾಡಿಗೆ ತಾವೇ ನುಡಿಸುವುದೆಂದು ಮಾಸ್ತರು ಹಟ ಹಿಡಿದರು. ಇನ್ನೊಮ್ಮೆ ಜನರ ಮುಂದೆ ಕೂರಬೇಕು, ಅಷ್ಟೇ ಅವರ ಆಸೆ. ಶುರು ಬಟನ್ ನಾನು ಒತ್ತುವುದು. ದನಿಯ ಮಸುಕು ತೆಗೆಯುವ ನಾಬ್ ಅವರು ಎಡಗೈಯಲ್ಲಿ ತಿರುಗಿಸುವುದು.

ಆದರೆ ಅವರ ಕನ್ನಡವೇ ನನಗೆ ಗೊಂದಲ. ಮನೆಯಲ್ಲಿ ತುಳು, ಹೊರಗೆ ಹಿಂದಿ ಆಡುವವಳು ನಾನು. “ಹದಿಮೂರನೇದ್ದು ಬಿಡು,” ಎನ್ನುವರು. ನಾನು ಶುರು ಮಾಡಿಬಿಡುವೆ. ಗಾಡಿ ಬಿಡುವುದೆಂದರೆ ಓಡಿಸುವುದು ತಾನೇ!

“ಏ ಹುಚ್ಚವ್ವಾ, ಖಾಲಿ ಬಿಡು ಅಂದೆ! ಅಲ್ಲಿ ನೀ ಉಸಿರು ತಗೊಳ್ಳೋದು ಬ್ಯಾಡೇನು?”

ಮರುಕ್ಷಣವೇ “ಹ್ಞಾಂ, ಈಗ ಬಿಡು,” ಎಂದರೆ ಶುರು ಮಾಡು ಎಂದರ್ಥ. ಬೇಜಾರಾದಾಗ “ಬಿಡವಾ, ಬಿಡು,” ಎಂದರೆ ಇವತ್ತಿಗೆ ಸಾಕು, ಬೇಡ. ನನ್ನ ತಲೆ ಕೆಟ್ಟು ಹನ್ನೆರಡಾಣೆ ಆಗುತ್ತಿತ್ತು.

ಆ ದಿನ ವೇದಿಕೆಯಲ್ಲಿ ಪರದೆ ಸರಿಯಿತು. ಮಾಸ್ತರು ಜನರನ್ನು ನೋಡಿದರು. ಮಡಿಲಲ್ಲಿ ಬಿದ್ದಿದ್ದ ಬಲಗೈ ನೋಡಿಕೊಂಡರು. ನನ್ನತ್ತ ತಿರುಗದೆ ಮೆಲ್ಲಗೆ “ಬಿಡು,” ಎಂದರು.

ನಾನು ಒತ್ತಿದೆ.

ಕೆಂಪು ಬೆಳಕು ಓಡಿತು. ಅವರ ಎಡಗೈ ಮಾತ್ರ ನಾಬಿನ ಮೇಲೆ ಬರಲೇ ಇಲ್ಲ. ಸ್ವರಗಳು ಪಕ್ಕದ ಮನೆಯ ರೇಡಿಯೋದಂತೆ ಮಸುಕಾಗಿಯೇ ನುಡಿದವು. ಹೇಗೋ ಹಾಡಿ ಮುಗಿಸಿದೆ. ಚಪ್ಪಾಳೆಯೂ ಬಿತ್ತು. ಮಾಸ್ತರು ಪ್ಲಗ್ ಕಿತ್ತು ಇಳಿದು ಹೋದರು. ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಶುರು ಮಾಡು ಎಂದಿದ್ದರೋ, ನನ್ನಿಂದಾಗದು ಬಿಡು ಎಂದಿದ್ದರೋ… ಅಮ್ಮನನ್ನು ಕೇಳಿದೆ. “ಬಿಡು ಅಂದ್ರೆ ಬಿಡುವುದು ಮಾರಾಯ್ತಿ, ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?” ಎಂದಳು. ಅದೂ ಯಾವ ಬಿಡುವುದೋ, ದೇವರೇ!

ಆಮೇಲೆ ಅವರು ಮಗಳಿರುವ ಘಣಸೋಲಿಗೆ ಹೋದರು. ವರ್ಷಗಳ ನಂತರ ಒಮ್ಮೆ ಠಾಣೆ ಸ್ಟೇಷನ್‌ನಲ್ಲಿ ನಿಂತಿದ್ದ ಲೋಕಲ್ ರೈಲಿನ ಕಿಟಕಿಯಲ್ಲಿ ಕಂಡರು. ಓಡಿಹೋಗಿ, ಕ್ಷೇಮ ಸಮಾಚಾರವನ್ನೂ ಮರೆತು ಕೇಳಿದೆ, “ಮಾಸ್ತರೇ, ಅವತ್ತು ಬಿಡು ಅಂದ್ರಲ್ಲ, ಅದು ಯಾವ ಬಿಡು?”

ಅವರು ನನ್ನನ್ನೇ ನೋಡಿ ನಕ್ಕರು. “ಇನ್ನೂ ಅದನ್ನ ಹಿಡ್ಕೊಂಡು ಕುಂತೀಯೇನು? ಬಿಡವಾ, ಬಿಡು.”

ಅಷ್ಟರಲ್ಲಿ ಲೋಕಲ್ಲೂ ಬಿಟ್ಟಿತು. ಅದೇ ಕೊನೆ…

“ಪಪ್ಪಾ ಕಾ ಹೈ, ದೀದಿ. ಅಬ್ ಆಪ್ ರಖೋ,” ಎಂದು ಹೋದ ವಾರ ಮಗಳು ಅಪ್ಪನ ಪೆಟ್ಟಿಗೆಯನ್ನು ನನಗೇ ಒಪ್ಪಿಸಿ ಹೋದಳು. ಅವಳಿಗೆ ಕನ್ನಡ ಆಡಲು ಬಾರದು. ಕೇಳಿದರೂ ಆ ಪದದ ಅರ್ಥ ಹೇಳಲಾರಳು.

ಪ್ಲಗ್ ಹಾಕಿದೆ. ನಮ್ಮ ಹಾಡು ಇನ್ನೂ ಅದರೊಳಗೇ ಇತ್ತು. ಸಾಲಾಗಿ ದೀಪಗಳು ಹತ್ತಿದವು, ಹದಿಮೂರನೆಯದು ಕತ್ತಲೆ. ಕಣ್ಣು ತುಂಬಿ ಬಂತು. ನಾಬನ್ನು ನಾನೇ ಪೂರ್ತಿ ತಿರುಗಿಸಿದೆ. ಶುರು ಬಟನ್ ಮೇಲೆ ಬೆರಳಿಟ್ಟು, ಉಸಿರು ತೆಗೆದುಕೊಂಡು ಕೂತೆ.

ಬಿಡು ಎನ್ನಲು ಮಾಸ್ತರಿಲ್ಲ.