ಸುಂದರಮ್ಮನಿಗೆ ಹೊಲಿಗೆ ಯಂತ್ರ ಕೊಟ್ಟದ್ದು

ಮೊನ್ನೆ ಪತ್ರಿಕೆಯಲ್ಲೊಂದು ಫೋಟೋ ನೋಡಿದೆ. ಒಂದು ಕಂಬಳಿ, ಅದನ್ನು ಹಿಡಿದುಕೊಂಡ ಹನ್ನೊಂದು ಜನ. ಹೊದೆಯಬೇಕಾದ ಮುದುಕಿ ಎಲ್ಲಿ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಮೂಲೆಯಲ್ಲಿ ಆಕೆಯ ಒಂದು ಕಿವಿ ಮಾತ್ರ ಸಿಕ್ಕಿತು. ನೀವಾದರೆ ನಕ್ಕು ಪುಟ ತಿರುಗಿಸುತ್ತಿದ್ದಿರಿ. ನನಗೆ ಹಾಗಾಗಲಿಲ್ಲ. ಅಂಥ ಫೋಟೋಗಳಲ್ಲಿ ಎಡದಿಂದ ಮೂರನೆಯವನಾಗಿ ನಾನೇ ಬೇಕಾದಷ್ಟು ಸಲ ನಿಂತಿದ್ದೇನೆ.

ತೊಂಬತ್ತರ ದಶಕ. ನಾನು ಬಣಕಲ್‌ನಲ್ಲಿ ಮೇಷ್ಟ್ರಾಗಿದ್ದೆ. ಕಾಫಿಗೆ ಒಳ್ಳೆಯ ಬೆಲೆ ಬಂದಿದ್ದ ಕಾಲ; ತೋಟದ ಮಾಲೀಕರಲ್ಲಿ ಕೆಲವರಿಗೆ ಹೊಸ ಜೀಪಿನ ಜೊತೆಗೆ ಸಮಾಜಸೇವೆಯ ಆಸೆಯೂ ಹುಟ್ಟಿತ್ತು. ಹೀಗೆ ಶುರುವಾದ ಸೇವಾ ಸಮಿತಿಗೆ, ಅಕ್ಷರ ದುಂಡಗಿದೆ ಎಂಬ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ದೊಡ್ಡ ತೋಟದವರು, ನಿಜಕ್ಕೂ ಮೆದು ಮನಸ್ಸಿನವರು. ಬಡತನದ ಬಗ್ಗೆ ಮಾತಾಡುವಾಗ ಅವರ ಕಣ್ಣು ತುಂಬುತ್ತಿತ್ತು. ಕಣ್ಣು ತುಂಬಿದಷ್ಟೂ ಮಾತು ಉದ್ದವಾಗುತ್ತಿತ್ತು. ಬಡವರಿಗೆ ಏನು ಮಾಡಬೇಕೆಂದು ಮೂರು ಸಭೆಗಳಲ್ಲಿ ಚರ್ಚಿಸಿದೆವು. ಮೂರರಲ್ಲೂ ಕಡುಬು, ಕೋಳಿಸಾರು ಚೆನ್ನಾಗಿತ್ತು. ಕೊನೆಗೆ ಒಬ್ಬ ವಿಧವೆಗೆ ಹೊಲಿಗೆ ಯಂತ್ರ ಕೊಡುವುದೆಂದು ತೀರ್ಮಾನವಾಯಿತು. ವಿಧವೆಯನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಜಾವಳಿ ಕಡೆಯ ತೋಟವೊಂದರ ಕೂಲಿ ಲೈನಿನ ಸಾಲುಮನೆಯೊಂದರಲ್ಲಿ ಸುಂದರಮ್ಮ ಸಿಕ್ಕಿದರು. ನಲವತ್ತರ ಆಸುಪಾಸು, ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ನಾನೇ ತಯಾರಿಸಿದ ಎರಡು ಪುಟದ ಫಾರಂ ಬಿಚ್ಚಿ ಕೂತೆ. ದಿನಕ್ಕೆ ಎಷ್ಟು ಊಟ, ಸೂರು ಸೋರುತ್ತದೆಯೇ, ಸೋರಿದರೆ ಎಷ್ಟು ಕಡೆ? ಅವರು ಸೆರಗಿನೊಳಗೆ ಕೈ ಸೇರಿಸಿಕೊಂಡು ನಿಂತು ಎಲ್ಲಕ್ಕೂ ಉತ್ತರ ಹೇಳಿದರು. ನಾನು ತಲೆ ಎತ್ತದೆ ದುಂಡಗೆ ಬರೆದುಕೊಂಡೆ. ಎಡಗೈ ಹೆಬ್ಬೆಟ್ಟು ಒತ್ತಿ, "ಇದಾದ್ರೆ ಆಗತ್ತಲ್ವಾ ಮೇಷ್ಟ್ರೆ?" ಎಂದು ಕೇಳಿದರು.

"ಖಂಡಿತ ಆಗತ್ತೆ" ಎಂದೆ. ಏನು ಆಗುತ್ತದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ವೇದಿಕೆಯ ಮೇಲೆ ಅಚ್ಚರಿಪಡಿಸಬೇಕೆಂಬುದು ಅಧ್ಯಕ್ಷರ ಆಸೆಯಾಗಿತ್ತು.

ಅಚ್ಚರಿಯೇನೋ ಆಯಿತು. ಮೈದಾನದಲ್ಲಿ ಶಾಮಿಯಾನ, ಯಂತ್ರಕ್ಕೆ ಚೆಂಡುಹೂವಿನ ಹಾರ. ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿ, ಯಂತ್ರದ ಜೊತೆ ಕೊಡಲು ತಂದ ಹೊಸ ಕತ್ತರಿಯನ್ನು ಸುಂದರಮ್ಮನ ಮುಂದೆ ಹಿಡಿದರು. ಅವರು ಎಡಗೈ ಚಾಚಿದರು.

"ಬಲಗೈಲಿ ತಗೊಳಮ್ಮ, ಫೋಟೋಗೆ ಚೆನ್ನಾಗಿರತ್ತೆ" ಎಂದರು ಅಧ್ಯಕ್ಷರು.

ಸುಂದರಮ್ಮ ನನ್ನ ಕಡೆ ನೋಡಿದರು. ಆಮೇಲೆ ಸೆರಗಿನಿಂದ ಬಲಗೈ ಹೊರತೆಗೆದರು. ಹೆಬ್ಬೆರಳು, ಕಿರುಬೆರಳು ಮಾತ್ರ ಇದ್ದವು. ನಡುವಿನ ಮೂರನ್ನೂ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ತಿಂದುಹಾಕಿತ್ತು. ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ. ಅಧ್ಯಕ್ಷರು, ನಾನು ಕಂಡಂತೆ ಅದೊಂದೇ ಸಲ, ಮಾತು ಸಿಗದೆ ನಿಂತರು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಬೇರೇನೂ ತೋಚದೆ ನಾನು ರಾಷ್ಟ್ರಗೀತೆ ಶುರುಮಾಡಿಬಿಟ್ಟೆ.

ಶಾಮಿಯಾನದ ಹಿಂದೆ ಅವರನ್ನು ಹಿಡಿದು, "ಮೊದ್ಲೇ ಹೇಳ್ಬಾರದಿತ್ತಾ ಸುಂದರಮ್ಮ?" ಎಂದೆ, ತಪ್ಪು ಅವರದೇ ಎಂಬ ದನಿಯಲ್ಲಿ.

"ನೀವು ಕೇಳ್ಲಿಲ್ಲಲ್ಲ ಮೇಷ್ಟ್ರೆ. ಕೈ ವಿಷ್ಯ ಗೊತ್ತಿದ್ದೇ ಬಂದಿದೀರಿ, ಅದು ಅಂಗವಿಕಲರ ಪಿಂಚಣಿ ಫಾರಂ ಅಂದ್ಕಂಡಿದ್ದೆ. ಎರಡು ವರ್ಷದಿಂದ ತಾಲೂಕಾಫೀಸಿಗೆ ತಿರುಗ್ತಾ ಇದೀನಿ. ನಿಮ್ ಮಿಷನ್ ಬೇಡ. ಒಂದಿನ ನನ್ ಜೊತೆ ಬನ್ನಿ, ಸಾಕು."

ಒಂದು ದಿನವೆಂದು ಹೋದದ್ದು ಐದು ದಿನವಾಯಿತು. ಅವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದ ಗುಮಾಸ್ತರು ನನ್ನ ಇಸ್ತ್ರಿ ಅಂಗಿ ನೋಡಿ ಕುರ್ಚಿ ಕೊಟ್ಟರು. ಇದ್ದದ್ದು ಒಂದೇ ಕುರ್ಚಿ, ನಾಚಿಕೆಯಿಲ್ಲದೆ ಕೂತೆ. ಅರ್ಜಿಯಲ್ಲಿ ಊನ ತಾತ್ಕಾಲಿಕವೋ ಶಾಶ್ವತವೋ ಎಂಬ ಕಾಲಂ ಇತ್ತು. ಗುಮಾಸ್ತರು ಆ ಕೈಯನ್ನು ನೋಡುತ್ತಲೇ ಅದನ್ನು ಗಟ್ಟಿಯಾಗಿ ಓದಿ ಉತ್ತರಕ್ಕಾಗಿ ಕಾದರು.

"ತಾತ್ಕಾಲಿಕ ಅಂತ್ಲೇ ಬರ್ಕಳಿ ಸಾರ್. ಮುಂದಿನ ಮಳೆಗೆ ಚಿಗುರಿದ್ರೂ ಚಿಗುರ್ಬಹುದು" ಎಂದರು ಸುಂದರಮ್ಮ. ಗುಮಾಸ್ತರು ತಲೆ ತಗ್ಗಿಸಿ 'ಶಾಶ್ವತ' ಎಂದು ಬರೆದುಕೊಂಡರು.

ವೈದ್ಯರ ಸರ್ಟಿಫಿಕೇಟಿಗೆಂದು ಚಿಕ್ಕಮಗಳೂರಿಗೆ ಎರಡು ಸಲ ಅಲೆದ ಮೇಲೆ ಪಿಂಚಣಿ ಮಂಜೂರಾಯಿತು. ಯಂತ್ರವನ್ನು ಸುಂದರಮ್ಮ ಪಕ್ಕದ ಮನೆಯ, ಹೊಲಿಗೆ ಬಲ್ಲ ಹೆಂಗಸಿಗೆ ಕೊಟ್ಟುಬಿಟ್ಟರು. ಫಲಾನುಭವಿಯಲ್ಲದವರ ಕೈಗೆ ಯಂತ್ರ ಹೋದದ್ದಕ್ಕೆ ಸಮಿತಿ ಖಂಡನಾ ನಿರ್ಣಯ ಮಾಡಿತು. ಅದನ್ನು ಬರೆದವನು ನಾನೇ. 'ಹೊಲಿಗೆ ಯಂತ್ರದಿಂದ ಸುಂದರಮ್ಮ ಈಗ ಸ್ವಾವಲಂಬಿ' ಎಂದು ವಾರ್ಷಿಕ ವರದಿಯಲ್ಲಿ ಬರೆದವನೂ ನಾನೇ. ಆ ವರದಿ ಓದುವಾಗ ನನ್ನ ದನಿ ಒಂದಿಷ್ಟೂ ನಡುಗಲಿಲ್ಲ ಎಂಬುದು ಈಗಲೂ ನನ್ನನ್ನು ಕುಟುಕುತ್ತದೆ.

ನಿನ್ನೆ ಬಸ್‌ಸ್ಟಾಂಡಿನಲ್ಲಿ ಸುಂದರಮ್ಮ ಎದುರಾದರು. ತಲೆಯೆಲ್ಲ ನರೆತಿದೆ. ಜೊತೆಗೆ ಮುಖ ಬಾಡಿದ ಎಳೆಯ ಹೆಂಗಸೊಬ್ಬಳು, ಪ್ಲಾಸ್ಟಿಕ್ ಕವರನ್ನು ಎದೆಗವಚಿಕೊಂಡು ನಿಂತಿದ್ದಳು.

"ಇವಳ ಗಂಡನ ಡೆತ್ ಸರ್ಟಿಫಿಕೇಟ್ ಆಗ್ಬೇಕು ಮೇಷ್ಟ್ರೆ. ಪುರುಸೊತ್ತಿದ್ರೆ ನೀವೂ ಬನ್ನಿ. ಮಾತಾಡೋದ್ ನಾನು, ನೀವು ಸುಮ್ನೆ ಪಕ್ಕದಲ್ಲಿ ನಿಂತ್ಕಂಡ್ರೆ ಸಾಕು."

ತರಕಾರಿ ಚೀಲದ ಸಮೇತ ಬಸ್ಸು ಹತ್ತಿದೆ. ಕಚೇರಿಯಲ್ಲಿ, ಆ ಹೆಣ್ಣುಮಗಳ ಕಷ್ಟದ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ. ಸುಂದರಮ್ಮ ತಿರುಗಿ ನನ್ನನ್ನು ಒಮ್ಮೆ ನೋಡಿದರು.

ಸುಮ್ಮನಾದೆ. ಮಧ್ಯಾಹ್ನದೊಳಗೆ ಕೆಲಸ ಆಯಿತು.