ಟ್ಯಾಂಕರಿನ ತಳದ ನೀರು

ಸಂಪಿನ ಬಾಯಿವರೆಗೆ ನೀರು ಬಂದ ಮೇಲೆ ವಾಲ್ವ್ ತಿರುಗಿಸಿ ಪೈಪು ಎತ್ತಿಕೊಳ್ಳಬೇಕು. ಆಮೇಲೂ ಟ್ಯಾಂಕರಿನ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ಆ ನೀರು ಡ್ರೈವರನದು ಎಂಬುದು ನಮ್ಮ ಕೆಲಸದಲ್ಲಿ ಮೊದಲಿನಿಂದ ಬಂದ ರೂಢಿ. ಕೆಲವರು ಅದನ್ನು ಹೋಟೆಲಿಗೆ ಮಾರಿಕೊಳ್ಳುತ್ತಿದ್ದರು. ನಾನು ಮಾರಲಿಲ್ಲ. ಕೆ.ಆರ್. ಪುರದಲ್ಲಿ ನಾವಿರುವ ವಠಾರದ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದೆ.

ಬೋರ್‌ವೆಲ್ ಬತ್ತಿದ ವಠಾರ. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದ ನಮ್ಮಂಥವರು ಒಂದೊಂದು ಕೋಣೆಯಲ್ಲಿ ಸಂಸಾರ ಹೂಡಿದ್ದೆವು. ಹಾರ್ನ್ ಕೇಳಿದರೆ ಹೆಂಗಸರು ಡ್ರಮ್ಮು ಉರುಳಿಸಿಕೊಂಡು ಬರುತ್ತಿದ್ದರು. ಯಾರಿಗೆ ಮೊದಲು, ಯಾರಿಗೆ ಎಷ್ಟು ಎಂದು ನಾನೇ ಹೇಳುತ್ತಿದ್ದೆ. ಬಾಣಂತಿ ಇರುವ ಮನೆಗೆ ಮೊದಲು. ಜಗಳ ತೆಗೆದವರಿಗೆ ಕೊನೆಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆ ಮರ್ಯಾದೆ ನನಗೆ ಸಿಕ್ಕಿದ್ದು ನೀರಿನಿಂದ, ಯಾರೂ ಪುಕ್ಕಟೆ ಕೊಟ್ಟಿರಲಿಲ್ಲ.

ಪಕ್ಕದ ಕೋಣೆಯ ಅಕ್ಕ ನನ್ನ ಹೆಂಡತಿಯನ್ನು ಕೆಣಕುತ್ತಿದ್ದಳು. "ನಿನ್ ಗಂಡ ಬರೋದನ್ನ ಓಣಿ ಹೆಂಗಸ್ರೆಲ್ಲಾ ಕಾಯ್ತಾರ ನೋಡವ್ವ. ನಿಂಗ ಹೊಟ್ಟಿ ಉರಿಯಂಗಿಲ್ಲೇನು?"

"ಉರಿಯಾಕ ಏನದ ಅಕ್ಕ? ಅವ್ರು ಕಾಯೋದು ಗಾಡೀನ, ಇವ್ರನ್ನಲ್ಲ."

ನಾನೂ ನಕ್ಕಿದ್ದೆ.

ನಾನು ನೀರು ಹಾಕುತ್ತಿದ್ದ ದೊಡ್ಡ ಅಪಾರ್ಟ್‌ಮೆಂಟಿಗೆ ಒಂದು ಭಾನುವಾರ ಇಂಜಿನಿಯರೊಬ್ಬರು ಬಂದರು. ಮನೆಮನೆಗೆ ನದಿ ನೀರು ತರುವ ಯೋಜನೆಯನ್ನು ವಿವರಿಸುವ ಸಭೆ. ಲೋಡ್ ಇಳಿಸಿ ನಾನೂ ಹಿಂದೆ ನಿಂತೆ. ಗೋಡೆಯ ಮೇಲಿನ ನಕ್ಷೆಯಲ್ಲಿ ನೀಲಿ ಗೆರೆಗಳು ಅಪಾರ್ಟ್‌ಮೆಂಟಿನ ಮುಂದಿನ ರಸ್ತೆಯವರೆಗೂ ಬಂದಿದ್ದವು. ಮುಂದಿನ ಸಾಲಿನ ಹಿರಿಯರೊಬ್ಬರು, "ಸದ್ಯ, ಟ್ಯಾಂಕರ್ ಕಾಟ ತಪ್ತು" ಎಂದರು. ಅಪಾರ್ಟ್‌ಮೆಂಟಿನ ಹಿಂದಿರುವ ನಮ್ಮ ಓಣಿಯನ್ನು ಹುಡುಕಿದೆ. ಗೆರೆ ಇರಲಿಲ್ಲ. ಸಭೆ ಮುಗಿದ ಮೇಲೆ ಕೇಳಿದೆ.

"ಅದು ಪ್ರೈವೇಟ್ ರಸ್ತೆ ಕಣ್ರೀ" ಎಂದರು ಇಂಜಿನಿಯರು. "ನಿಮ್ಮ ಓನರ್ ಅರ್ಜಿ ಹಾಕಿ ಚಾರ್ಜ್ ಕಟ್ಲಿ, ಆಮೇಲೆ ನೋಡೋಣ." ಕೂತು ಕೇಳಿದವರಿಗೆ ಹೇಗೋ ನನಗೂ ಹಾಗೇ ಸಮಾಧಾನದಿಂದ ಹೇಳಿದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಏನೂ ಸಿಗಲಿಲ್ಲ.

ಇಂಥ ನಕ್ಷೆ ನನಗೆ ಹೊಸದಲ್ಲ. ನಾನು ಚಿಕ್ಕವನಿದ್ದಾಗ ನೀರಾವರಿಯವರು ನಕ್ಷೆ ಹಿಡಿದು ಊರಿಗೆ ಬಂದಿದ್ದರು. ಅವ್ವ ಅವರಿಗೆ ರೊಟ್ಟಿ ಬಡಿದುಕೊಟ್ಟಿದ್ದಳು. ಕಾಲುವೆಯ ಕಟ್ಟಕಡೆಯ ಹೊಲ ನಮ್ಮದು. ಗೆರೆಯೂ ಇತ್ತು, ಕಾಲುವೆಯನ್ನೂ ತೋಡಿದರು. ಆದರೆ ಮೇಲಿನ ಊರುಗಳವರು ಭತ್ತ ಹಚ್ಚಿ, ಮೋಟಾರು ಇಟ್ಟು ಎಳೆದುಕೊಂಡರು. ನೀರು ನಮ್ಮವರೆಗೆ ಇಳಿಯಲೇ ಇಲ್ಲ. ಕಾಲುವೆಯ ಸಿಮೆಂಟಿನ ಮೇಲೆ ನಾವು ಮೆಣಸಿನಕಾಯಿ ಒಣಗಿಸುತ್ತಿದ್ದೆವು. ಚೆನ್ನಾಗಿ ಒಣಗುತ್ತಿದ್ದವು.

ವಠಾರದ ಓನರ್ ಹತ್ತಿರ ಹೋದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನೀವು ಬಾಡಿಗೆಯವರು ಇವತ್ತಿರ್ತೀರ, ನಾಳೆ ಖಾಲಿ ಮಾಡ್ತೀರ. ಅಷ್ಟು ದುಡ್ಡು ನಾನ್ಯಾಕೆ ಕಟ್ಲಿ? ನಿನ್ ಟ್ಯಾಂಕರ್ ಇದ್ಯಲ್ಲ ಗುರು."

ರಸ್ತೆ ಅಗೆದರು, ಪೈಪು ಹೂತರು. ಅಪಾರ್ಟ್‌ಮೆಂಟಿಗೆ ನದಿ ಬಂತು. ನೀರು ತೆಳ್ಳಗೆ, ಸೋಪಿಗೆ ಚೆನ್ನಾಗಿ ನೊರೆ ಬರುತ್ತದೆ ಎಂದು ಅಲ್ಲಿ ಮನೆಗೆಲಸ ಮಾಡುವ ನನ್ನ ಹೆಂಡತಿ ಹೇಳಿದಳು. ಒಂದೊಂದೇ ಕಟ್ಟಡ ನಮಗೆ ಫೋನ್ ಮಾಡುವುದನ್ನು ನಿಲ್ಲಿಸಿತು. ಟ್ಯಾಂಕರಿನ ಯಜಮಾನ ಗಾಡಿ ಮಾರಿ, "ಬೇರೆ ಕಡೆ ನೋಡ್ಕೋ ಮಗಾ" ಎಂದ. ಈಗ ಕಲ್ಯಾಣ ನಗರದ ಅಂಗಡಿಯೊಂದರ ಸಿಮೆಂಟ್ ಗಾಡಿ ಓಡಿಸುತ್ತೇನೆ. ಕೆಲಸಕ್ಕೇನೂ ಕೊರತೆಯಿಲ್ಲ.

ವಠಾರಕ್ಕೆ ಓನರ್ ಆಗೀಗ ಒಂದು ಟ್ಯಾಂಕರ್ ತರಿಸುತ್ತಾರೆ. ಸಂಪಿನಿಂದ ಒಬ್ಬರು ಒಂದು ಕೊಡ ಹೆಚ್ಚು ಎತ್ತಿದರೆ ಕೂಗಾಟ. ಸಂಸಾರಗಳು ಗಂಟು ಕಟ್ಟತೊಡಗಿದವು. ಪಕ್ಕದ ಅಕ್ಕ ಹೋಗುವಂತಿರಲಿಲ್ಲ. ಮಗಳು ಹಡೆದು ಮಲಗಿದ್ದಳು.

ಒಂದು ಸಂಜೆ ನನ್ನ ಹೆಂಡತಿ ಕೆಲಸದ ಮನೆಯವರನ್ನು ಕೇಳಿ ಎರಡು ಕ್ಯಾನು ನೀರು ಹೊತ್ತು ತಂದಳು. ಮೂರನೇ ಮಹಡಿಯಿಂದ ಇಳಿಸಿ, ರಸ್ತೆ ದಾಟಿಸಿ ತಂದಿದ್ದಳು. ಹಿಡಿಕೆ ಒತ್ತಿ ಎರಡೂ ಅಂಗೈ ಕೆಂಪಾಗಿದ್ದವು. ಇಳಿಸುವಾಗಲೇ ನಾನು, "ಒಂದು ಕ್ಯಾನ್ ಅಕ್ಕನ ಮನೀಗೆ ಇಡು, ಬಾಣಂತಿ ಅದಾಳ" ಎಂದೆ. ಹಿಂದೆ ಟ್ಯಾಂಕರಿನ ನೀರು ಹಂಚುತ್ತಿದ್ದ ದನಿಯಲ್ಲೇ ಹೇಳಿದ್ದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಹೊತ್ತು ತಂದಾಕಿ ನಾನು. ಯಾರಿಗೆ ಎಷ್ಟು ಅನ್ನೋದು ನಾ ನೋಡ್ತೀನಿ. ನೀವು ಸುಮ್ನಿರ್ರಿ."

ಅಕ್ಕ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಕೇಳಿಸಿರಬೇಕು. ನನ್ನ ಕಡೆ ತಿರುಗಲಿಲ್ಲ. ನನ್ನ ಹೆಂಡತಿಯ ಮುಖವನ್ನೇ ನೋಡುತ್ತಿದ್ದಳು. ನಾನು ಪಕ್ಕಕ್ಕೆ ಸರಿದು ಅವರಿಬ್ಬರ ನಡುವೆ ದಾರಿ ಬಿಟ್ಟೆ.