ಥೇಮ್ಸ್ ಹೊಳೆಯ ಮೇಲೆ ಅಕ್ಕನ ಊಟ

ಆನೆ ನಮ್ಮ ಮೇಜಿನ ಪಕ್ಕ ಬಂದು ನಿಂತಿತು. ಬಟ್ಟೆಯ ಆನೆ. ಒಳಗೆ ಇಬ್ಬರು ಗಂಡಸರು, ಮೇಲೆ ಬಂಗಾರದ ಬಣ್ಣದ ಕಿರೀಟ ತೊಟ್ಟ ರಾಣಿ. ನಾವು ಕೂತಿದ್ದು ಥೇಮ್ಸ್ ಹೊಳೆಯ ಮೇಲೆ, ಊಟ ಬಡಿಸುವ ಹಡಗಿನಲ್ಲಿ. ಗಾಜಿನಾಚೆ ಕ್ಯಾನರಿ ವಾರ್ಫಿನ ಎತ್ತರದ ಕಟ್ಟಡಗಳು ದೀಪ ಹೊತ್ತುಕೊಂಡು ಹಿಂದೆ ಸರಿಯುತ್ತಿದ್ದವು. ಸೊಂಡಿಲು ಭುಜಕ್ಕೆ ತಾಗಿದಾಗ ನನ್ನ ಅಕ್ಕ ಸೆರಗು ಸರಿಮಾಡಿಕೊಂಡು ಕೈಮುಗಿದಳು.

“ಬಟ್ಟಿ ಆನಿಗೆ ಯಾಕ ಕೈ ಮುಗೀತೀರಿ ಅಕ್ಕಾರ?” ಎಂದು ನಮ್ಮನೆಯವರು ನಕ್ಕರು.

“ಮಣ್ಣೆತ್ತಿಗೆ ಮುಗೀತೀವಿ, ಬಟ್ಟಿ ಆನಿ ಏನ್ ಪಾಪ ಮಾಡೇತಿ?” ಎಂದಳು ಅಕ್ಕ.

ಲಂಡನ್ನಿಗೆ ಬಂದ ಮೇಲೆ ಅವಳು ಹಾಗೆ ಹಗುರವಾಗಿ ಮಾತಾಡಿದ್ದು ಅದೇ ಮೊದಲು. ನಾನು ತಪ್ಪು ಮಾಡಿದ್ದೂ ಆ ಖುಷಿಯಲ್ಲಿಯೇ.

ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ಗಂಡ ಇಲ್ಲಿಯ ಹೋಟೆಲಿನಲ್ಲಿ ಅಡಿಗೆ ಕೆಲಸಕ್ಕೆ ಬಂದರು, ಅವರ ಹಿಂದೆ ನಾನು ಬಂದೆ. ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಬಾಡಿಗೆಯ ಸಾಲುಮನೆ, ಒಂದೇ ಗೋಡೆಗೆ ಆಚೆ ಒಂದು ಸಂಸಾರ, ಈಚೆ ಒಂದು ಸಂಸಾರ. ನಮ್ಮ ಧಾರವಾಡದ ಕಡೆ ಒಂದು ಗೋಡೆ ಹಂಚಿಕೊಂಡವರು ಒಗ್ಗರಣೆಯ ವಾಸನೆಯಿಂದಲೇ ಪಕ್ಕದ ಮನೆಯ ಅಡಿಗೆ ಹೇಳುತ್ತಾರೆ. ಇಲ್ಲಿ, ಅಕ್ಕ ಬಂದ ಮರುದಿನ “ಆಚಿ ಮನ್ಯಾಕಿ ಹೆಸರೇನ?” ಎಂದು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಅವಳು ನನ್ನ ಮುಖವನ್ನು ಕನಿಕರದಿಂದ ನೋಡಿದಳು.

ಅವಳಿಗೆ ಇಲ್ಲಿಯ ಟೊಮೆಟೊ ಹುಳಿಯಿಲ್ಲ, ಹಾಲಿಗೆ ಕೆನೆಯಿಲ್ಲ, ಬಿಸಿಲಿಗೆ ಕಾವಿಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ನಾನು ಹಾಕಿದ್ದನ್ನು ಎರಡು ತುತ್ತು ಉಂಡು ಏಳುತ್ತಿದ್ದಳು. ಒಂದು ದಿನವೂ ಇದರಲ್ಲಿ ಏನಿದೆ ಎಂದು ಕೇಳಲಿಲ್ಲ. ನಾನು ಹಾಕಿದೆನೆಂದರೆ ಮುಗಿಯಿತು. ಅವ್ವ ತೀರಿದ ಮೇಲೆ ನನಗೆ ಕೈತುತ್ತು ಕೊಟ್ಟು ಬೆಳೆಸಿದವಳು ಅವಳು. ಈಗ ನನ್ನ ಕೈಯ ಅನ್ನ ನಂಬಿ ಕೂತಿದ್ದಳು. ನನಗೋ ಒಂದೇ ಆಸೆ. ಇಲ್ಲಿಯ ಯಾವುದಾದರೂ ಒಂದನ್ನು ಅವಳು ‘ಚಲೋ ಐತಿ’ ಅನ್ನಲಿ. ಅಂದರೆ ನಾನು ಇಷ್ಟು ವರ್ಷ ಇಲ್ಲಿ ಬಾಳಿದ್ದನ್ನೂ ಚಲೋ ಅಂದಂತೆ.

ಅವಳು ಊರಿಗೆ ಹೊರಡುವ ಮುಂಚೆ ಮಗಳು ಸಹನಾ ಈ ಹಡಗಿನ ಊಟ ಗೊತ್ತುಮಾಡಿದಳು. ಥಾಯ್ ಅಡಿಗೆ, ಜೊತೆಗೆ ಅವರ ಹಳೆಯ ರಾಜರ ಕಥೆಯ ಆಟ. “ದೊಡ್ಡವ್ವಗೆ ವೆಜಿಟೇರಿಯನ್ ಹೇಳಿದೀನಿ, ಡೋಂಟ್ ವರಿ ಅಮ್ಮ” ಎಂದಿದ್ದಳು.

ಅಕ್ಕನ ಮುಂದೆ ತರಕಾರಿಯ ಸಾರು, ಅನ್ನ ಬಂತು. ತೆಂಗಿನ ಹಾಲು, ಹುಣಸೆಹಣ್ಣು, ಬೆಲ್ಲ. ಅಕ್ಕ ಬೆರಳಲ್ಲಿ ನೆಕ್ಕಿ ನೋಡಿದಳು. ಚಮಚ ಬದಿಗಿಟ್ಟು ಅನ್ನ ಕಲಸಿದಳು. “ಚಲೋ ಐತೆಲ್ಲ,” ಎಂದಳು. “ನಮ್ಮ ಗೊಜ್ಜಿನಂಗ ಐತಿ. ನಮ್ಮದಕ್ಕಿಂತ ಒಂದು ಕೈ ಮ್ಯಾಲ.”

ನನ್ನ ಎದೆ ತುಂಬಿತು. ಆಗಲೇ ಅವಳ ಸಾರಿನ ಹಬೆ ನನ್ನ ಮೂಗಿಗೆ ಬಡಿಯಿತು.

ನನ್ನ ಕೆಲಸ ವಿಮಾನದ ಊಟ ಕಟ್ಟುವ ಅಡಿಗೆಮನೆಯಲ್ಲಿ. ಅಲ್ಲಿ ಥಾಯ್ ಸಾರಿನ ದಿನ ಈ ವಾಸನೆ ಸಂಜೆಯವರೆಗೂ ಕೈಗೆ ಅಂಟಿರುತ್ತದೆ. ಮೀನನ್ನು ಉಪ್ಪಿನಲ್ಲಿ ಕೊಳೆಯಿಸಿ ತೆಗೆದ ನೀರು ಅದು. ಕೈ ತೊಳೆಯುವ ನೆವದಲ್ಲಿ ಎದ್ದು ಹೋಗಿ ಬಡಿಸುವ ಹುಡುಗಿಯನ್ನು ಕೇಳಿದೆ. ಅವಳು ಗಾಬರಿಯಾಗಿ ಒಳಗೆ ವಿಚಾರಿಸಿ ಬಂದಳು. ತುಂಡುಗಳೆಲ್ಲ ತರಕಾರಿಯೇ, ಸಾರಿಗೆ ಮಾತ್ರ ಮೀನಿನ ನೀರು ಸ್ವಲ್ಪ ಬಿದ್ದಿದೆ, ಕ್ಷಮಿಸಿ, ಈಗಲೇ ತಟ್ಟೆ ತೆಗೆದು ಬೇರೆ ಮಾಡಿಸಿ ಕೊಡುತ್ತೇನೆ ಎಂದಳು.

ತಿರುಗಿ ನೋಡಿದೆ. ಅಕ್ಕ ಅರ್ಧ ಉಂಡಿದ್ದಳು. ಸಹನಾಗೆ ತುತ್ತು ಮಾಡಿ ಕೊಡುತ್ತಿದ್ದಳು, ಸಹನಾ ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದಿದ್ದಳು.

“ಬೇಡ,” ಎಂದೆ ನಾನು. “ಇರಲಿ.”

ಬಂದು ಪಕ್ಕದಲ್ಲಿ ಕೂತೆ. ಅಕ್ಕ ಇನ್ನಷ್ಟು ಸಾರು ಕೇಳಿದಳು. ನಾನೇ ಬಡಿಸಿದೆ.

ಆಮೇಲೆ ಆಟ ಶುರುವಾಯಿತು. ರಾಜನಿಗೆ ಯುದ್ಧದಲ್ಲಿ ಕುತ್ತು ಬಂದಿದೆ. ರಾಣಿ ಗಂಡುವೇಷ ತೊಟ್ಟು ಆನೆ ಏರಿ ನಡುವೆ ನುಗ್ಗುತ್ತಾಳೆ, ಅವನ ಮೇಲೆ ಬೀಳುವ ಏಟಿಗೆ ತಾನೇ ಮೈಯೊಡ್ಡುತ್ತಾಳೆ. ನಮ್ಮ ದೊಡ್ಡಾಟದಲ್ಲಿ ಅಟ್ಟ ಮುರಿಯುವ ಹಾಗೆ ಕುಣಿಯುತ್ತಾರೆ, ವೀರರ ಕೂಗು ಮೂರು ಓಣಿಗೆ ಕೇಳುತ್ತದೆ. ಇಲ್ಲಿ ಯಾರೂ ಮಾತಾಡಲಿಲ್ಲ. ರಾಣಿ ಸಾಯುವಾಗಲೂ ಬೆರಳುಗಳು ಮಾತ್ರ ಹಿಂದಕ್ಕೆ ಬಾಗಿದವು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಹೇಳದನ ಹೋಗಿಬಿಟ್ಳು ನೋಡ, ಪಾಪ,” ಎಂದಳು.

ಹೇಸ್‌ಗೆ ಮರಳುವ ರೈಲಿನಲ್ಲಿ ಅಕ್ಕ ಸುಮ್ಮನಿದ್ದಿದ್ದರೆ ನಾನು ಇವತ್ತಿಗೂ ಹೇಳುತ್ತಿರಲಿಲ್ಲ. ಆದರೆ ಅವಳಿಗೆ ಮಾತು ಉಕ್ಕುತ್ತಿತ್ತು. “ಆ ಸಾರು ಹೆಂಗ ಮಾಡ್ತಾರ, ಕೇಳಿ ತಿಳಕೊಂಡು ಹೇಳ. ಊರಾಗ ಮಾಡ್ತೀನಿ. ಶ್ರಾವಣದಾಗ ಮಠದ ಅಯ್ನೋರು ಪ್ರಸಾದಕ್ಕ ಬರ್ತಾರಲ್ಲ, ಅವರಿಗೂ ಬಡಸೂಣು.”

ಇನ್ನು ತಡೆಯಲಾಗಲಿಲ್ಲ. ಹೇಳಿದೆ.

“ಅಮ್ಮ, ನಿಂಗೆ ಗೊತ್ತಿತ್ತಾ?” ಎಂದು ಸಹನಾ ಕನ್ನಡದಲ್ಲಿಯೇ ಕೇಳಿದಳು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ.

ಅಕ್ಕನ ಕೈ ಸೆರಗಿನೊಳಗೆ ಕೊರಳ ಲಿಂಗವನ್ನು ಹಿಡಿದುಕೊಂಡಿತು. “ನಿನಗ ಯಾವಾಗ ತಿಳೀತ?”

“ನೀ ಅರ್ಧ ಉಂಡಿದ್ದಿ ಅಕ್ಕಾ.”

“ಉಳದರ್ಧ?”

ನಮ್ಮ ಸ್ಟೇಷನ್ ಬರುವವರೆಗೂ ಅವಳು ಲಿಂಗ ಹಿಡಿದ ಕೈ ಬಿಡಲಿಲ್ಲ.

ಮರುದಿನ ಉಪವಾಸ ಮಾಡಿದಳು. ಬೈಯಲಿಲ್ಲ, ಅಳಲಿಲ್ಲ. ಅದರ ಮರುದಿನ ನಾನು ಉಪ್ಪಿಟ್ಟು ತಂದಿಟ್ಟಾಗ ತಟ್ಟೆ ಮುಟ್ಟುವ ಮೊದಲು ಕೇಳಿದಳು, “ಇದರಾಗ ಏನೇನ ಹಾಕೀ?” ಗುರುತಿಲ್ಲದ ಖಾನಾವಳಿಯಲ್ಲಿ ಕೇಳುವಷ್ಟೇ ಸಮಾಧಾನವಾಗಿ. ರವಾ, ಉಳ್ಳಾಗಡ್ಡಿ, ಕರಿಬೇವು ಎಂದು ನಿಂತುಕೊಂಡು ಒಪ್ಪಿಸಿದೆ. ವಿಮಾನ ಹತ್ತುವವರೆಗೂ ಹೊತ್ತುಹೊತ್ತಿಗೆ ಹಾಗೆಯೇ ಒಪ್ಪಿಸಿದೆ.

ಮೊನ್ನೆ ಫೋನಿನಲ್ಲಿ, ಇದನ್ನು ಬರೆಯಲೇ ಎಂದು ಅಕ್ಕನನ್ನು ಕೇಳಿದೆ. ನಮ್ಮ ಕಡೆಯವರೂ ಓದುತ್ತಾರೆ, ನಾಲ್ಕು ಜನ ಆಡಿಕೊಂಡಾರು ಎಂದೆ. ಹಿಂದಿನಿಂದ ಅವರ ಓಣಿಯ ಸಪ್ಪಳ ಕೇಳುತ್ತಿತ್ತು, ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದರು.

“ಬರಿ,” ಎಂದಳು. “ಆದ್ರ ನಾ ಬಾಳ ರುಚಿಯಾಗಿ ಉಂಡೆ ಅನ್ನೂದನ್ನೂ ಬರಿ. ಸುಳ್ಳ ಯಾಕ?”

ಇಬ್ಬರೂ ನಕ್ಕೆವು. ನಕ್ಕ ಮೇಲೆ, ಬರುವ ವರ್ಷ ಊರಿಗೆ ಬಂದಾಗ ನಿನ್ನ ಅಡಿಗೆಮನೆಯಲ್ಲಿ ನಾನು ರೊಟ್ಟಿ ಬಡಿದರೆ ಉಣ್ಣುತ್ತೀಯಾ ಎಂದು ಕೇಳಬೇಕೆನಿಸಿತು. ಬಾಯಿ ಬರಲಿಲ್ಲ. ಅಲ್ಲಿ ಮಳೆ ಆಯಿತೇ ಎಂದು ಕೇಳಿದೆ. ಆಯಿತು ಎಂದಳು.